ಮಾವ ಹೋಗಿ ಬಂದ ಯುದ್ಧ

2019ರ ಜುಲೈ 26ರಂದು ಅಂಕೋಲಾ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕಾರ್ಗಿಲ್ ವಿಜಯ ದಿವಸದ ಕಾರ್ಯಕ್ರಮವಿತ್ತು. ಆ ಯುದ್ಧ ಮುಗಿದು ಇಪ್ಪತ್ತು ವರ್ಷ ತುಂಬಿದ್ದರಿಂದ ಸುತ್ತಲಿನ ಊರುಗಳ ಮಾಜಿ ಸೈನಿಕರನ್ನು ಕರೆದು ಶಾಲು ಹೊದೆಸುವುದೆಂದು ಊರಿನವರು ನಿಶ್ಚಯಿಸಿದ್ದರು. ಹಾಗೆ ಕರೆಸಿಕೊಂಡ ಐವರಲ್ಲಿ ನನ್ನ ಸೋದರಮಾವ ಕೂಡ ಒಬ್ಬರು. ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದುದರಿಂದ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ಪಾಲಿಗೆ ಬಂತು.

ವೇದಿಕೆ ಹತ್ತುವ ಮೊದಲೇ ಮಾವ ನಿರೂಪಣೆಯ ಹೊಣೆ ಹೊತ್ತಿದ್ದ ಮಾಸ್ತರರನ್ನು ಪಕ್ಕಕ್ಕೆ ಕರೆದು, ತಾವು ಕಾರ್ಗಿಲ್‌ಗೆ ಹೋದವರಲ್ಲವೆಂದೂ, 1996ರಲ್ಲಿಯೇ ನಿವೃತ್ತರಾಗಿ ಊರಿಗೆ ಬಂದವರೆಂದೂ, ಏನಾದರೂ ಹೇಳಲೇಬೇಕಾದರೆ ಶ್ರೀಲಂಕಾದಲ್ಲಿ ಇದ್ದರೆಂದು ಹೇಳಬಹುದೆಂದೂ ಮೆಲ್ಲಗೆ ತಿಳಿಸಿದರು. ಮಾಸ್ತರರು ಒಳ್ಳೆಯ ಮನುಷ್ಯರೇ. ನಕ್ಕು, "ಇರಲಿ ಬಿಡಿ, ಎಲ್ಲಾ ಒಂದೇ ಅಲ್ವಾ" ಎಂದರು. ಐದು ನಿಮಿಷದ ಮೇಲೆ, ಹಂಚಿನ ಮಾಡಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದನ್ನೂ ಮೀರಿಸುವ ಧ್ವನಿಯಲ್ಲಿ, ಹಿಮದ ಬೆಟ್ಟಗಳಲ್ಲಿ ವೈರಿಯ ಎದೆ ನಡುಗಿಸಿದ ಕಾರ್ಗಿಲ್ ವೀರರೆಂದು ಐವರನ್ನೂ ಒಟ್ಟಿಗೆ ಪರಿಚಯಿಸಿದರು. ಮಕ್ಕಳು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಮಾವ ಶಾಲು, ಹಣ್ಣಿನ ಬುಟ್ಟಿ, ಫಲಕಗಳನ್ನು ತೋಳಿನಲ್ಲಿ ಹಿಡಿದುಕೊಂಡು, ಬೇರೆಯವರ ಮನೆಯ ಮದುವೆಗೆ ತಪ್ಪಿ ಬಂದವರಂತೆ ನಿಂತಿದ್ದರು.

ಮರಳಿ ಬರುವಾಗ ಅವರು ಆಡಿದ್ದು ಒಂದೇ ಮಾತು: "ಮೂರು ದಿನ ತಡೆದು ಕರೆದಿದ್ರೆ ಲೆಕ್ಕ ಸರಿ ಬೀಳ್ತಿತ್ತು, ತಮಾ." ಅದೇನು ಲೆಕ್ಕವೆಂದು ನನಗೆ ಆಗ ಹೊಳೆಯಲಿಲ್ಲ. ರಾತ್ರಿ ಊಟವಾದ ಮೇಲೆ ಕುಳಿತು ನೋಡಿದಾಗ ತಿಳಿಯಿತು. 1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜೆ. ಆರ್. ಜಯವರ್ಧನೆ, ಅಲ್ಲಿಯ ತಮಿಳರ ಬಂಡಾಯವನ್ನು ಕೊನೆಗೊಳಿಸುವ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆ ಸಹಿಯ ಬಲದಿಂದಲೇ ಭಾರತೀಯ ಶಾಂತಿಪಾಲನಾ ಪಡೆ (ಐಪಿಕೆಎಫ್) ಸಮುದ್ರ ದಾಟಿತು, ಮತ್ತು ಅದರ ಹಿಂದೆಯೇ, ಕೆಲವು ತಿಂಗಳ ನಂತರ, ನನ್ನ ಮಾವನೂ ದಾಟಿದರು.

ಈ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ಕಾರ್ಗಿಲ್‌ನಲ್ಲಿ ಸುಮಾರು ಎರಡೂವರೆ ತಿಂಗಳ ಹೋರಾಟದಲ್ಲಿ 527 ಯೋಧರು ಪ್ರಾಣ ಕೊಟ್ಟರು. ಅವರನ್ನು ನಾವು ಪ್ರತಿ ವರ್ಷ ನೆನೆಯುತ್ತೇವೆ, ನೆನೆಯಬೇಕು. ಶ್ರೀಲಂಕಾದಲ್ಲಿ ಸುಮಾರು 32 ತಿಂಗಳಲ್ಲಿ ಸತ್ತವರು ಅದರ ಎರಡು ಪಟ್ಟಿಗಿಂತ ಹೆಚ್ಚು, 1,100ನ್ನೂ ದಾಟಿದ ಸಂಖ್ಯೆ. ಗಾಯಗೊಂಡವರು ಸಾವಿರಗಳ ಲೆಕ್ಕದಲ್ಲಿದ್ದರು. ಆದರೂ ನಾನು ಓದಿದ ಶಾಲೆಯಲ್ಲಾಗಲಿ, ನನ್ನ ಮಕ್ಕಳು ಓದುವ ಶಾಲೆಯಲ್ಲಾಗಲಿ ಜುಲೈ 29 ಎಂಬುದು ಮಳೆಗಾಲದ ಇನ್ನೊಂದು ದಿನ ಮಾತ್ರ.

1987ರಲ್ಲಿ ನಾನು ಆರನೆಯ ಇಯತ್ತೆಯಲ್ಲಿದ್ದೆ. ಆ ವರ್ಷ ನಮ್ಮ ಊರಿನ ಚಹದಂಗಡಿಯಲ್ಲಿ ಮಾತಿಗೆ ಬರವಿರಲಿಲ್ಲ. ಬೋಫೋರ್ಸ್ ಫಿರಂಗಿ ಹಗರಣವಿತ್ತು. ನಮ್ಮ ಜಿಲ್ಲೆಯವರೇ ಆದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದರಿಂದ ಬೆಂಗಳೂರಿನ ರಾಜಕಾರಣವೂ ನಮಗೆ ಮನೆಯ ಮಾತಿನಂತೆಯೇ ಇತ್ತು. ಮರುವರ್ಷದ ಆಗಸ್ಟಿನಲ್ಲಿ ಫೋನ್ ಕದ್ದಾಲಿಕೆಯ ಪ್ರಕರಣದಲ್ಲಿ ಅವರು ರಾಜೀನಾಮೆ ಕೊಟ್ಟಾಗ ಅಂಗಡಿಯ ಬೆಂಚಿನ ಮೇಲೆ ಎರಡು ಪಂಗಡಗಳಾಗಿ ಚಹ ಕುಡಿಯುವುದೇ ನಿಂತುಹೋಗಿತ್ತು. ಭಾನುವಾರ ಬೆಳಿಗ್ಗೆ ದೂರದರ್ಶನದ ರಾಮಾಯಣವಿತ್ತು. ಅಕ್ಟೋಬರಿನಲ್ಲಿ ವಿಶ್ವಕಪ್ ಕ್ರಿಕೆಟ್ ಬಂತು. ಅಕ್ಟೋಬರ್ 9ರಂದು ಮದ್ರಾಸಿನಲ್ಲಿ ಭಾರತ ಆಸ್ಟ್ರೇಲಿಯಾಕ್ಕೆ ಒಂದೇ ಒಂದು ರನ್ನಿನಿಂದ ಸೋತ ದಿನ ನಾನು ಊಟ ಬಿಟ್ಟಿದ್ದೆ. ಅದೇ ಮದ್ರಾಸಿನಾಚೆಯ ನೀರಿನ ಅಂಚಿನಲ್ಲಿ, ಪಂದ್ಯ ಮುಗಿದ ಎರಡೇ ದಿನದಲ್ಲಿ, ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ರಾತ್ರಿ ಹೆಲಿಕಾಪ್ಟರುಗಳಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಮೂವತ್ತು ಜನರಲ್ಲಿ ಇಪ್ಪತ್ತೊಂಬತ್ತು ಜನ ಸತ್ತು, ಒಬ್ಬ ಸೆರೆಯಾದ. ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ನಾವು ಗೆದ್ದಾಗ ಪಟಾಕಿ ಹೊಡೆದೆವು. ಆ ಹುಡುಗರ ಸುದ್ದಿಯನ್ನೂ ಧಾರವಾಡ ಆಕಾಶವಾಣಿ ಹೇಳಿದ್ದಿರಬಹುದು. ಕೇಳಿದ ನೆನಪು ಮಾತ್ರ ನನಗಿಲ್ಲ.

ಇದನ್ನು ಹುಡುಗಾಟಿಕೆಯೆಂದು ಬಿಡಬಹುದಿತ್ತು. ಆದರೆ ಆ ಡಿಸೆಂಬರಿನಲ್ಲಿ ನಮ್ಮ ಮನೆಯವರೇ ಹೋದರು. ಮಾವ 1979ರಲ್ಲಿ ಕಾರವಾರದಲ್ಲಿ ನಡೆದ ಭರ್ತಿಯಲ್ಲಿ ಆಯ್ಕೆಯಾಗಿ, ಬೆಂಗಳೂರಿನಲ್ಲಿ ತರಬೇತಿ ಪಡೆದು, ಸೈನ್ಯದ ಸರಬರಾಜು ವಿಭಾಗದಲ್ಲಿ ಶಕ್ತಿಮಾನ್ ಲಾರಿಯ ಚಾಲಕರಾಗಿದ್ದರು. ಮದ್ರಾಸಿನಿಂದ ಹಡಗಿನಲ್ಲಿ ಲಾರಿಯ ಸಮೇತ ಟ್ರಿಂಕೊಮಲಿಗೆ ಇಳಿದವರು ಎರಡು ವರ್ಷಕ್ಕೆ ಸಮೀಪ ಅಲ್ಲಿದ್ದರು. ಅಜ್ಜಿ ಬಂಡಿಹಬ್ಬಕ್ಕೆ ಹರಕೆ ಹೊತ್ತಳು. ಪತ್ರಗಳ ಮೇಲೆ ಊರಿನ ಹೆಸರಿರುತ್ತಿರಲಿಲ್ಲ, 56 ಎ.ಪಿ.ಒ. (ಸೈನ್ಯದ ಅಂಚೆ ಕಚೇರಿ) ಎಂದಷ್ಟೇ ಇರುತ್ತಿತ್ತು, ಹೀಗಾಗಿ ಅವರು ಅಸ್ಸಾಮಿನಲ್ಲಿದ್ದಾಗಲೂ ಲಂಕೆಯಲ್ಲಿದ್ದಾಗಲೂ ಟಪಾಲಿನವರ ಪಾಲಿಗೆ ಒಂದೇ ವಿಳಾಸ. ಒಳಗೆ ಬರೆದದ್ದೂ ಅಷ್ಟೇ: ಇಲ್ಲಿ ಎಲ್ಲ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯುವುದು, ಗದ್ದೆಗೆ ಗೊಬ್ಬರ ಹಾಕಿಸಿದಿರಾ.

ಊರಿನವರು ಕೇಳುತ್ತಲೇ ಇರಲಿಲ್ಲವೆಂದು ಹೇಳಿದರೆ ತಪ್ಪಾದೀತು. "ನಿಮ್ಮ ಹುಡುಗ ಲಂಕೆಗೆ ಹೋದನಂತೆ, ಸೇತುವೆ ಕಟ್ಟಿ ಹೋದ್ರೋ ಹಾರಿ ಹೋದ್ರೋ" ಎಂದು ಅಜ್ಜಿಯನ್ನು ಕೇಳುತ್ತಿದ್ದರು. ಯಕ್ಷಗಾನದ ಆಟ ನೋಡಿ ಬೆಳೆದ ಊರು ನಮ್ಮದು. ಲಂಕೆ ಎಂದರೆ ಬಣ್ಣದ ವೇಷದ ರಾವಣ, ಬಾಲಕ್ಕೆ ಬೆಂಕಿ ಹಚ್ಚಿಸಿಕೊಂಡ ಹನುಮಂತ. ಬೆಳಗಾದರೆ ಚಂಡೆ ನಿಂತು, ವೇಷ ಕಳಚಿ, ಸತ್ತವರೆಲ್ಲ ಎದ್ದು ಚಹಕ್ಕೆ ಬರುವ ಲಂಕೆ. ಅಜ್ಜಿಯೂ ನಗುತ್ತಿದ್ದಳು. ಅವಳಿಗೂ ಬೇರೆ ಲಂಕೆ ಗೊತ್ತಿರಲಿಲ್ಲ.

ಇನ್ನೊಂದು ಪ್ರಶ್ನೆ ಸಂಬಳದ್ದು. ಕರಾವಳಿಯವರಾದ ನಮಗೆ ಸಮುದ್ರ ದಾಟುವುದೆಂದರೆ ದುಡಿಮೆ. ಭಟ್ಕಳದಿಂದ ದುಬೈಗೆ ಹೋದವರು, ಕಾರವಾರದಿಂದ ಹಡಗಿನ ನೌಕರಿಗೆ ಹೋದವರು ರಜೆಯಲ್ಲಿ ಬಂದಾಗ ಏನು ತಂದರು ಎಂದು ನೋಡುವುದು ನಮ್ಮ ರೂಢಿ. ಮಾವ 1989ರ ಕೊನೆಗೆ ಬಂದಾಗ ಒಂದು ಜಪಾನಿ ಟೇಪ್ ರೆಕಾರ್ಡರ್ ತಂದಿದ್ದರು. ಆಮೇಲಿನ ಹತ್ತು ವರ್ಷ ನಮ್ಮ ಕೇರಿಯ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆಗಳಲ್ಲಿ ಹಾಡಿದ್ದು ಅದೇ. "ಲಂಕೆಯ ಟೇಪ್ ಕೊಡಿ" ಎಂದು ಬಂದು ಕೇಳಿ ಒಯ್ಯುತ್ತಿದ್ದರು. ಅದು ಎಲ್ಲಿಂದ ಬಂತೆಂಬುದು ಊರಿಗೆಲ್ಲ ಗೊತ್ತಿತ್ತು. ತಂದವರು ಅಲ್ಲಿ ಏನು ಮಾಡುತ್ತಿದ್ದರೆಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ, ನನ್ನನ್ನೂ ಸೇರಿಸಿ.

ಸೈನ್ಯದಲ್ಲಿ ಹದಿನೇಳು ವರ್ಷ ಲಾರಿ ಓಡಿಸಿದ ಮನುಷ್ಯ ಊರಿಗೆ ಬಂದ ಮೇಲೆ ಚಾಲಕನ ಕೆಲಸಕ್ಕೆ ಹೋಗಲಿಲ್ಲ. ಒಬ್ಬರು ಟೆಂಪೊ ಕೊಡುತ್ತೇನೆಂದರು, ಇನ್ನೊಬ್ಬರು ಶಾಲೆಯ ವ್ಯಾನು ಕೊಡುತ್ತೇನೆಂದರು. ಮಾವ ಒಪ್ಪದೆ ತೋಟ, ಗದ್ದೆ ಎಂದುಕೊಂಡು ಉಳಿದರು. ಸ್ಕೂಟರಿನಲ್ಲಿ ಹೋಗುವಾಗಲೂ ಮೋರಿ ಬಂದರೆ ವೇಗ ತಗ್ಗಿಸಿ, ರಸ್ತೆಯ ನಡುವಿಗೆ ಸರಿದು, ಎರಡೂ ಬದಿ ನೋಡಿ ದಾಟುತ್ತಿದ್ದರು. ಹೆದ್ದಾರಿಯಲ್ಲಿ ನಡುವಿಗೆ ಸರಿಯುವುದು ಎಷ್ಟು ಅಪಾಯವೆಂದು ಅತ್ತೆ ಗದರಿಸುತ್ತಿದ್ದರು. ಕೇರಿಯ ಹುಡುಗರು ಇದನ್ನು ಅಣಕಿಸಿ ಸೈಕಲ್ ಹೊಡೆಯುತ್ತಿದ್ದರು, ನಾನೂ ಅಣಕಿಸಿದ್ದೇನೆ. ಉತ್ತರ ಶ್ರೀಲಂಕಾದ ರಸ್ತೆಗಳಲ್ಲಿ, ಪ್ರತ್ಯೇಕ ತಮಿಳು ನಾಡಿಗಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇಯವರು ಸ್ಫೋಟಕ ಹುಗಿಯಲು ಆರಿಸಿಕೊಳ್ಳುತ್ತಿದ್ದ ಜಾಗ ಮೋರಿಯ ಅಡಿಯೆಂದು ನಾನು ಓದಿ ತಿಳಿದಾಗ ನನಗೆ ನಲವತ್ತು ದಾಟಿತ್ತು.

ನಮ್ಮ ಜಿಲ್ಲೆ ಲೋಕದ ಗೊಡವೆಯಿಲ್ಲದ ಜಿಲ್ಲೆಯಲ್ಲ. 1930ರಲ್ಲಿ ಅಂಕೋಲೆಯ ಕಡಲ ತಡಿಯಲ್ಲಿ ಉಪ್ಪು ತಯಾರಿಸಿ ಕಾನೂನು ಮುರಿದವರು, ಕರನಿರಾಕರಣೆಯಲ್ಲಿ ಮನೆ ಜಮೀನು ಕಳೆದುಕೊಂಡವರು ನಮ್ಮ ಅಜ್ಜಂದಿರು. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಮರ ಅಪ್ಪಿಕೊಂಡು ಕೊಡಲಿಗೆ ಎದುರು ನಿಂತವರು ನಮ್ಮವರು. ಮಾವ ಲಂಕೆಯಲ್ಲಿದ್ದ ಅದೇ ವರ್ಷಗಳಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ಕಾರವಾರದಲ್ಲಿ ಮೆರವಣಿಗೆಗಳು ನಡೆಯುತ್ತಿದ್ದವು. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಆ ಇಳಿವಯಸ್ಸಿನಲ್ಲಿ ನಮ್ಮ ಕ್ಷೇತ್ರದಿಂದ ನಿಂತು, ಪರಿಸರದ ಹೆಸರಿನಲ್ಲಿ ಮತ ಕೇಳಿ, ಸೋತರು. ಆ ಚುನಾವಣೆಯ ಭಾಷಣಗಳನ್ನು ನಾನು ಸೈಕಲ್ ಮೇಲೆ ಹೋಗಿ ಕೇಳಿದ್ದೇನೆ. ಕಾಡು, ವಿಕಿರಣ, ಬೋಫೋರ್ಸ್, ರಸ್ತೆ ಎಲ್ಲವೂ ಬಂದವು. ದೇಶದ ಸೈನ್ಯ ಇನ್ನೊಂದು ದೇಶದಲ್ಲಿ ಸಾಯುತ್ತಿರುವ ಮಾತನ್ನು ಯಾವ ಪಕ್ಷದವರ ಬಾಯಿಂದಲೂ ಕೇಳಿದ ನೆನಪಿಲ್ಲ.

ಇದೇಕೆ ಹೀಗೆಂದು ಯೋಚಿಸುವಾಗ ನನಗೆ ವೀರಗಲ್ಲುಗಳು ನೆನಪಾಗುತ್ತವೆ. ಬನವಾಸಿಯ ಸೀಮೆಯಲ್ಲಿ, ಘಟ್ಟದ ಮೇಲಿನ ಊರೂರಿನಲ್ಲಿ, ಗದ್ದೆಯ ಬದುವಿನಲ್ಲಿಯೂ ಅವು ಸಿಗುತ್ತವೆ. ಅವುಗಳ ಮೇಲೆ ಬರೆದ ಸಾವುಗಳು ಹೆಚ್ಚಾಗಿ ಮೂರು ಬಗೆಯವು: ತುರುಗೊಳ್, ಊರಳಿವು, ಪೆಣ್ಬುಯ್ಯಲ್. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನು, ಊರಿಗೆ ಮುತ್ತಿಗೆ ಬಂದಾಗ ಸತ್ತವನು, ಹೆಣ್ಣಿನ ಮಾನ ಕಾಯಲು ಸತ್ತವನು. ಉಳಿದ ದನದ ಹಾಲು ಕುಡಿದವರೇ ಕಲ್ಲು ನಿಲ್ಲಿಸಿದರು. ಅಂದರೆ ನಮ್ಮ ಸ್ಮರಣೆಯ ಹಳೆಯ ಕಟ್ಟಳೆ ಬಹಳ ಸರಳ. ಯಾರ ಸಾವಿನಿಂದ ನಮ್ಮ ಕೊಟ್ಟಿಗೆ ಉಳಿಯಿತೋ ಅವನಿಗೆ ಕಲ್ಲು. ಕಾರ್ಗಿಲ್ ಈ ಕಟ್ಟಳೆಗೆ ಸರಿಯಾಗಿ ಹೊಂದುತ್ತದೆ, ಯಾಕೆಂದರೆ ಬೆಟ್ಟ ನಮ್ಮದು, ಬಂದು ಕುಳಿತವರು ಬೇರೆಯವರು. ಲಂಕೆಯಲ್ಲಿ ಯಾವ ಕೊಟ್ಟಿಗೆ ಉಳಿಯಿತೆಂದು ಹೇಳಲು ಅಂದಿನ ಪ್ರಧಾನಿಗೂ ಕಷ್ಟವಾಗಿತ್ತು. 1987ರ ಜೂನ್ 4ರಂದು ಬೆಂಗಳೂರಿನಿಂದ ಹಾರಿದ ವಿಮಾನಗಳು ಜಾಫ್ನಾದ ತಮಿಳರಿಗೆ ಆಹಾರದ ಮೂಟೆ ಉದುರಿಸಿದವು. ಜುಲೈ ಕೊನೆಗೆ ಅವರನ್ನು ಕಾಯಲೆಂದು ಸೈನ್ಯ ಇಳಿಯಿತು. ಅಕ್ಟೋಬರಿಗೆ ಅದೇ ಸೈನ್ಯ ಅವರ ಬೀದಿಗಳಲ್ಲಿ ಎಲ್‌ಟಿಟಿಇಯೊಡನೆ ಹೊಡೆದಾಡುತ್ತಿತ್ತು. ಒಪ್ಪಂದದ ಮರುದಿನವೇ ಕೊಲಂಬೊದಲ್ಲಿ ಗೌರವ ರಕ್ಷೆಯ ಸಾಲಿನಲ್ಲಿ ನಿಂತಿದ್ದ ಸಿಂಹಳ ನಾವಿಕನೊಬ್ಬ ರಾಜೀವ್ ಗಾಂಧಿಯವರ ಮೇಲೆ ಬಂದೂಕಿನ ಹಿಡಿಯನ್ನೇ ಬೀಸಿದ್ದ. ಇಬ್ಬರ ಜಗಳದ ನಡುವೆ ಹೋಗಿ ಇಬ್ಬರಿಂದಲೂ ಪೆಟ್ಟು ತಿನ್ನುವ ಸ್ಥಿತಿ. ಇಂಥ ಕಥೆಯನ್ನು ಶಾಲೆಯ ವೇದಿಕೆಯ ಮೇಲೆ ಐದು ನಿಮಿಷದಲ್ಲಿ ಹೇಳುವುದು ಹೇಗೆ? "ಎಲ್ಲಾ ಒಂದೇ" ಎಂದುಬಿಡುವುದು ಸುಲಭ.

ಸೋತು ಗೆದ್ದದ್ದೂ ಪೂರ್ತಿ ಕಾರಣವಲ್ಲ. ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. ನಮ್ಮ ಚೆಂಡಿಯಾದಲ್ಲಿ ಹುಟ್ಟಿದವರು. ಪರಮವೀರ ಚಕ್ರವನ್ನು ಬದುಕಿದ್ದು ಪಡೆದವರಲ್ಲಿ ಮೊದಲಿಗರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಯ ದಾರಿಯಲ್ಲಿ, ಗುಂಡು ಸುರಿಯುತ್ತಿರುವಾಗ, ಗಾಯಗೊಂಡ ಮೈಯಲ್ಲೇ ನೆಲಬಾಂಬು ತೆಗೆದು, ಅಡ್ಡ ಹಾಕಿದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ ಕಥೆಯನ್ನು ಕಾರವಾರದ ಮಕ್ಕಳು ಹೇಳಬಲ್ಲರು. ಆದರೆ ಅವರು 1940ರಲ್ಲಿಯೇ ಸೈನ್ಯ ಸೇರಿ ಬರ್ಮಾದಲ್ಲಿ ಜಪಾನೀಯರೊಡನೆ ಹೋರಾಡಿ ಬಂದವರೆಂಬುದನ್ನು ನಾನು ಕೇಳಿದ ಯಾವ ಭಾಷಣವೂ ಒಂದು ವಾಕ್ಯಕ್ಕಿಂತ ಹೆಚ್ಚು ಹೇಳಿಲ್ಲ. ಆ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು, 80,000ಕ್ಕೂ ಹೆಚ್ಚು ಜನ ಸತ್ತರು, ಅದು ಗೆದ್ದ ಯುದ್ಧವೇ ಆಗಿತ್ತು. ಬರ್ಮಾದಲ್ಲಿ ಕಾದಿದ ದಂಡನ್ನು ಆ ಕಾಲದಲ್ಲಿಯೇ ಮರೆತುಹೋದ ಸೈನ್ಯ ಎಂದು ಕರೆಯುತ್ತಿದ್ದರು. ಒಬ್ಬನೇ ಮನುಷ್ಯನ ಬದುಕಿನಲ್ಲಿ ಕೂಡ ನೆಲದ ಮೇಲಿನ ನಾಲ್ಕು ದಿನ ಪ್ರತಿಮೆಯಾಯಿತು, ನೀರಿನಾಚೆಯ ವರ್ಷಗಳು ಒಂದು ವಾಕ್ಯದಲ್ಲಿ ಮುಗಿದವು.

ಇಲ್ಲಿ ನಮ್ಮ ಕಡೆಯದೇ ಒಂದು ಮಾತನ್ನು ಸೇರಿಸಬೇಕು, ಹೇಳಲು ಸ್ವಲ್ಪ ಮುಜುಗರವಾದರೂ. ಲಂಕೆಯ ಒಪ್ಪಂದಕ್ಕೆ ಒಂಬತ್ತು ತಿಂಗಳ ಮೊದಲು, 1986ರ ಅಕ್ಟೋಬರಿನಲ್ಲಿ, ಅದೇ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದ್ದರು. ಮುಂದಿನ ವರ್ಷಗಳಲ್ಲಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ಮರಳು ದಂಡೆ ಬಿಟ್ಟು ಎದ್ದವು. ಅರಗಾದ ಕಡೆ ಇಂದು ಹೋದರೆ ಕಾಣುವುದು ಉದ್ದದ ಗೋಡೆ. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ಎಳೆದವು. ಹೀಗಾಗಿ ನಮ್ಮ ಕರಾವಳಿಯಲ್ಲಿ "ಮಿಲ್ಟ್ರಿ" ಎಂದಾಗ ಕೆಲವರಿಗೆ ಮೊದಲು ನೆನಪಾಗುವುದು ಗಡಿಯಲ್ಲ, ಗೋಡೆ. ಮಾವನ ಬಂಧುಗಳಲ್ಲೇ ನೆಲೆ ತಪ್ಪಿದವರು ಇದ್ದಾರೆ. ಮನೆ ಬಿಡುವ ಚಿಂತೆಯಲ್ಲಿದ್ದವರು ಟ್ರಿಂಕೊಮಲಿಯ ಚಿಂತೆ ಮಾಡಲಿಲ್ಲವೆಂದು ಅವರನ್ನು ದೂರಲು ನನಗೆ ಮನಸ್ಸಿಲ್ಲ. ದೂರಬೇಕಾದವರು ನನ್ನಂಥವರು: ಓದು ಬರಹ ಬಲ್ಲವರು, ಯಾರೂ ನಮ್ಮ ಮನೆ ಎಬ್ಬಿಸದವರು.

ಅಲ್ಲಿ ಹೋದವರೆಲ್ಲ ನಿಷ್ಕಳಂಕರೆಂದು ಬರೆದರೆ ಅದೂ ಒಂದು ಬಗೆಯ ಶಾಲು ಹೊದೆಸುವಿಕೆಯೇ ಆಗುತ್ತದೆ. 1987ರ ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಗೆ ನುಗ್ಗಿದ ನಮ್ಮ ಸೈನಿಕರ ಗುಂಡಿಗೆ ವೈದ್ಯರು, ದಾದಿಯರು, ಹಾಸಿಗೆಯ ಮೇಲಿದ್ದ ರೋಗಿಗಳು ಸತ್ತರು. ಐಪಿಕೆಎಫ್ ಎಂಬ ನಾಲ್ಕು ಅಕ್ಷರಗಳಿಗೆ ಜಾಫ್ನಾದ ತಮಿಳರು ಅಮಾಯಕರನ್ನು ಕೊಲ್ಲುವ ಪಡೆ ಎಂಬ ಅರ್ಥ ಬರುವಂತೆ ಬೇರೆ ವಿಸ್ತರಣೆ ಮಾಡಿಕೊಂಡಿದ್ದರು. ಅದೇ ಪಡೆಯಲ್ಲಿ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಇದ್ದರು. ನವೆಂಬರ್ 25ರಂದು ಎದೆಗೆ ಗುಂಡು ಬಿದ್ದ ಮೇಲೂ ಎದುರಾಳಿಯ ಬಂದೂಕು ಕಿತ್ತುಕೊಂಡು ಹೋರಾಡಿ ಪ್ರಾಣ ಬಿಟ್ಟ ಅವರಿಗೆ ಪರಮವೀರ ಚಕ್ರ ಸಂದಿತು. ಎರಡೂ ನಡೆದದ್ದು ಐದು ವಾರಗಳ ಅಂತರದಲ್ಲಿ. ನಾವು ಮೊದಲನೆಯದನ್ನು ಕೇಳಲು ಸಿದ್ಧರಿರಲಿಲ್ಲ, ಹಾಗಾಗಿ ಎರಡನೆಯದನ್ನೂ ಕೇಳಿಸಿಕೊಳ್ಳಲಿಲ್ಲ. ಕೇಳುವವರೇ ಇಲ್ಲದಿದ್ದಾಗ, ಕಂಡದ್ದನ್ನೂ ಮಾಡಿದ್ದನ್ನೂ ಹೇಳಿ ಹಗುರಾಗುವ ದಾರಿ ಆ ಸೈನಿಕರಿಗೂ ಇರಲಿಲ್ಲ.

ಮರಳಿದ ಬಗೆಯೂ ಹಾಗೆಯೇ ಇತ್ತು. ಶ್ರೀಲಂಕಾದಲ್ಲಿ ಪ್ರೇಮದಾಸ ಅಧ್ಯಕ್ಷರಾದ ಮೇಲೆ, 1989ರಲ್ಲಿ, ಹೊರಡಿ ಎಂದರು. ಡಿಸೆಂಬರಿನಲ್ಲಿ ದೆಹಲಿಯ ಸರಕಾರ ಬದಲಾಯಿತು. ಕೊನೆಯ ತುಕಡಿ 1990ರ ಮಾರ್ಚ್ 24ರಂದು ಹಡಗು ಹತ್ತಿತು. ಮದ್ರಾಸಿನಲ್ಲಿ ಅವರನ್ನು ಎದುರುಗೊಳ್ಳಲು ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದ ಸೈನ್ಯವನ್ನು ತಾವು ಸ್ವಾಗತಿಸುವುದಿಲ್ಲವೆಂಬುದು ಅವರ ನಿಲುವಾಗಿತ್ತು. ಆ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೂ ಅವರು ಹೋಗದೆ ಇದ್ದದ್ದಕ್ಕೆ ಒಂದು ಕಾರಣವಾದರೂ ಇತ್ತು, ಸಿಟ್ಟಾದರೂ ಇತ್ತು. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಮಾವ ಕಬ್ಬಿಣದ ಟ್ರಂಕು ಇಳಿಸಿದಾಗ ಬಂದದ್ದು ನಾನು ಮತ್ತು ನನ್ನ ಅಪ್ಪ. ಊರಿಗೆ ಸಿಟ್ಟೂ ಇರಲಿಲ್ಲ. ಟ್ರಂಕು ಹೊರಲು ಬಂದ ಹುಡುಗ, "ಗಲ್ಫಿಂದಾ?" ಎಂದು ಕೇಳಿದ.

ಎಲ್ಲಕ್ಕಿಂತ ನನ್ನನ್ನು ಕಾಡುವ ಸಂಗತಿಯೆಂದರೆ ಇವರಿಗೆ ಮೊದಲು ದೊಡ್ಡ ಸ್ಮಾರಕ ಕಟ್ಟಿದ್ದು ಇವರನ್ನು ಹೊರಡಿ ಎಂದ ದೇಶವೇ. ಶ್ರೀಲಂಕಾದ ಸಂಸತ್ತಿಗೆ ಹತ್ತಿರ, ಕೊಲಂಬೊ ಪಕ್ಕದ ಶ್ರೀ ಜಯವರ್ಧನೆಪುರ ಕೋಟ್ಟೆ ಪಟ್ಟಣದಲ್ಲಿ, ಕಪ್ಪು ಕಲ್ಲಿನ ಗೋಡೆಯ ಮೇಲೆ ಸತ್ತ ಭಾರತೀಯ ಸೈನಿಕರ ಹೆಸರುಗಳನ್ನು ಕೆತ್ತಿದ್ದಾರೆ. 2015ರ ಮಾರ್ಚಿನಲ್ಲಿ ನಮ್ಮ ಪ್ರಧಾನಿ ಅಲ್ಲಿ ಹೂಗುಚ್ಛ ಇಟ್ಟರು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಲೋಕಾರ್ಪಣೆಯಾದದ್ದು 2019ರ ಫೆಬ್ರವರಿ 25ರಂದು. ಸ್ವಾತಂತ್ರ್ಯಾನಂತರ ಪ್ರಾಣ ಕೊಟ್ಟ ಎಲ್ಲ ಯೋಧರ ನಡುವೆ ಇವರ ಹೆಸರುಗಳೂ ಅಲ್ಲಿ ಸೇರಿವೆ. ಅಷ್ಟರಲ್ಲಿ ಮೊದಲ ತುಕಡಿ ಹೋಗಿ ಮೂವತ್ತೊಂದು ವರ್ಷ ಕಳೆದಿತ್ತು.

ಆ ಜುಲೈ 29 ಸೋಮವಾರ. ರಜೆ ಹಾಕಿ ಮಾವನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕವಳದ ಸಂಚಿ ಬಿಚ್ಚಿಕೊಂಡು ಕುಳಿತಿದ್ದರು. ಸಂಚಿಯ ಪಕ್ಕದಲ್ಲಿ ಶಾಲೆಯವರು ಕೊಟ್ಟ ಫಲಕ ಗೋಡೆಗೆ ಒರಗಿತ್ತು. ಮಳೆ, ಗದ್ದೆ, ಅಡಿಕೆಯ ಕೊಳೆರೋಗದ ಮಾತು ಮುಗಿಸಿ, ಇಷ್ಟು ವರ್ಷ ಕೇಳದ ಮಾತನ್ನು ನಾಚಿಕೆಯಿಂದಲೇ ಕೇಳಿದೆ: "ಮಾವ, ಲಂಕೆಯಲ್ಲಿ ನೀವು ಯಾವ ರಸ್ತೆಯಲ್ಲಿ ಗಾಡಿ ಓಡಿಸ್ತಿದ್ರಿ?"

ಅವರು ನನ್ನನ್ನು ನೋಡಿ, "ಯಾರು ಕೇಳಿದ್ರು?" ಎಂದರು.

"ಯಾರೂ ಅಲ್ಲ, ನಾನೇ."

ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಆಮೇಲೆ ಅದನ್ನು ಬಾಯಿಗೆ ಹಾಕದೆ ಬದಿಗಿಟ್ಟು, ಸಂಚಿಯಿಂದ ಅಡಿಕೆಯ ಹೋಳುಗಳನ್ನು ತೆಗೆದು ನೆಲದ ಮೇಲೆ ಇಡತೊಡಗಿದರು. ಇದು ಟ್ರಿಂಕೊಮಲಿ. ಇದು ವವುನಿಯಾ. ಇಲ್ಲಿಂದ ಮೇಲೆ ಕಿಲಿನೊಚ್ಚಿ, ಅಲ್ಲಿಂದ ಆನೆಯಿರವು, ಆಮೇಲೆ ಜಾಫ್ನಾ. ರಸ್ತೆಯ ಎರಡೂ ಬದಿ ತಾಳೆಮರ, ನಮ್ಮಲ್ಲಿ ತೆಂಗು ಇದ್ದ ಹಾಗೆ. ಲಾರಿಯ ತಳಕ್ಕೆ ಮರಳಿನ ಚೀಲ ಹಾಸಿಕೊಳ್ಳುತ್ತಿದ್ದೆವು. ಉತ್ತರದ ಕಡೆಯ ಸುಬೇದಾರರೊಬ್ಬರಿಗೆ ಕನ್ನಡವೂ ತಮಿಳೂ ಒಂದೇ ಎಂದು ನಂಬಿಕೆ. ಹಳ್ಳಿ ಬಂದರೆ ಮಾತಾಡಲು ಮಾವನನ್ನೇ ಇಳಿಸುತ್ತಿದ್ದರು. ನೀರು ಕೇಳಲು ಕಲಿತ ಒಂದು ಶಬ್ದದಿಂದ ಎರಡು ವರ್ಷ ಕಳೆದೆನೆಂದು ಹೇಳಿ ಮಾವ ನಕ್ಕರು. ನೀರು ಕೊಟ್ಟ ಮುದುಕಿಯೊಬ್ಬಳು ಚೊಂಬನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲವಂತೆ, ಬಾವಿಗೆ ಎಸೆದಳಂತೆ. ಅದನ್ನು ಹೇಳುವಾಗ ನಗಲಿಲ್ಲ.

ವವುನಿಯಾ ಮತ್ತು ಕಿಲಿನೊಚ್ಚಿಯ ನಡುವೆ ಇನ್ನೊಂದು ಚಿಕ್ಕ ಹೋಳು ಇಟ್ಟರು. ಅದು ಮೋರಿ. ಸಾಲಿನಲ್ಲಿ ಮಾವನ ಲಾರಿ ನಾಲ್ಕನೆಯದು. ಮೂರನೆಯದರಲ್ಲಿದ್ದ ಹುಡುಗ ಧಾರವಾಡದ ಕಡೆಯವನು, ಮದುವೆ ಗೊತ್ತಾಗಿತ್ತು, ಹಿಂದಿನ ರಾತ್ರಿ ಮಾವನ ಚಹದ ಮಗ್ಗು ಕೇಳಿ ಒಯ್ದಿದ್ದ. ಇಷ್ಟು ಹೇಳಿ ಅವರು ಸುಮ್ಮನಾದರು. ನಾನೂ ಮುಂದೆ ಕೇಳಲಿಲ್ಲ. ಮುಂದಿನದು ಹೋಳುಗಳ ಸಾಲಿನಲ್ಲಿಯೇ ಇತ್ತು.

ಕೊಲಂಬೊದ ಗೋಡೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸುವುದನ್ನು ನನ್ನಿಂದ ಕಲಿತು, ಸಾಲು ಸಾಲಾಗಿ ಹುಡುಕತೊಡಗಿದರು. ಹಿಗ್ಗಿಸಿದಷ್ಟೂ ಅಕ್ಷರಗಳು ಮಸುಕಾದವು. ಬೇರೆ ಚಿತ್ರ ತೆಗೆದೆ, ಅದರಲ್ಲಿಯೂ ಓದಲಾಗಲಿಲ್ಲ. ಅತ್ತೆ ಊಟಕ್ಕೆ ಎರಡು ಸಲ ಕರೆದು ಹೋದರು.

"ಹೆಸರು ಸರಿಯಾಗಿ ಹಾಕಿದ್ದಾರೋ ಇಲ್ವೋ" ಎಂದರು ಮಾವ ಕೊನೆಗೆ. "ಆಫೀಸಿನ ಗುಮಾಸ್ತ ಅವನ ಹೆಸರು ಯಾವಾಗಲೂ ತಪ್ಪು ಬರೀತಿದ್ದ. ನೀನು ಬರ್ಕೊ, ತಮಾ. ಯಾರಾದರೂ ಆ ಕಡೆ ಹೋದ್ರೆ ನೋಡಿ ಬರಲಿ."

ಒಂದೊಂದೇ ಅಕ್ಷರ ಬಿಡಿಸಿ, ದೀರ್ಘ ಎಲ್ಲಿ, ಒತ್ತು ಎಲ್ಲಿ ಎಂದು ತಿದ್ದಿ ಹೇಳಿದರು. ಬರೆದುಕೊಂಡಿದ್ದೇನೆ. ಆ ಮನೆಯವರನ್ನು ಕೇಳದೆ ಇಲ್ಲಿ ಹಾಕುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ.